ರಸಮೇವಿಗೆ ಕಂದು ನರದ ಮೆಕ್ಕೆಜೋಳ: ಹಸು ಮೆಚ್ಚಿದ ತಳಿ, ಸಿಂಪಡಣೆ ಬೇಡುವ ತಳಿ

ರಸಮೇವಿಗೆಂದು, ಅಂದರೆ ಹಸಿ ಗಿಡವನ್ನು ಕತ್ತರಿಸಿ ಗಾಳಿಯಾಡದಂತೆ ಗುಂಡಿಯಲ್ಲಿ ತುಳಿಸಿ ಹುಳಿ ಬರಿಸುವ ಮೇವಿಗೆಂದು, ಕಂದು ನರದ ಈ ಹೈಬ್ರಿಡ್ ತಳಿಯನ್ನು ಹಲವು ಹಂಗಾಮುಗಳಿಂದ ಬೆಳೆಯುತ್ತಿದ್ದೇನೆ. ಬೀಜದ ಚೀಲದ ಮೇಲಿನ ವಿವರಗಳನ್ನು ನೀವೆಲ್ಲ ಓದಿರುತ್ತೀರಿ. ಅಲ್ಲಿ ಬರೆಯದೆ ಬಿಟ್ಟಿರುವುದನ್ನು ಹೇಳುತ್ತೇನೆ.

ಮೊದಲು ಸಂತೋಷದ ಮಾತು. ಬೆಳಿಗ್ಗೆ ಹಾಲು ಕರೆಯುವ ಮುನ್ನ ಗುಂಡಿಯ ಮುಖವನ್ನು ಮೇಲಿನಿಂದ ಕೆಳಕ್ಕೆ ಸಮನಾಗಿ ಕೆರೆದು ಆ ದಿನಕ್ಕೆ ಬೇಕಾದಷ್ಟೇ ಮೇವು ತೆಗೆಯುತ್ತೇನೆ. ಒಂದು ಹಿಡಿಯನ್ನು ಮೂಸಿ ನೋಡದೆ ಗೋದಲಿಗೆ ಹಾಕುವುದಿಲ್ಲ. ಹಿತವಾದ ಹುಳಿ ವಾಸನೆ ಇರಬೇಕು, ಮುಗ್ಗಲು ಇರಲೇಬಾರದು. ಹಿಂದೆ ಬೇರೆ ತಳಿ ಹಾಕುತ್ತಿದ್ದಾಗ ಹಸುಗಳು ದಂಟಿನ ಚೂರುಗಳನ್ನು ಮೂತಿಯಿಂದ ಬದಿಗೆ ತಳ್ಳುತ್ತಿದ್ದವು. ಈಗ ಗುಡಿಸಿ ತೆಗೆಯಲು ಹೆಚ್ಚೇನೂ ಉಳಿಯುವುದಿಲ್ಲ. ಎಲೆಯ ನಡುನರ ಕಂದಾಗಿರುವ ಈ ಬಗೆಯ ಮೆಕ್ಕೆಜೋಳದಲ್ಲಿ ಲಿಗ್ನಿನ್, ಅಂದರೆ ದಂಟನ್ನು ಗಡುಸಾಗಿಸುವ ಜೀರ್ಣವಾಗದ ಅಂಶ, ಕಡಿಮೆ. ನಾರು ಚೆನ್ನಾಗಿ ಜೀರ್ಣವಾಗುವುದರಿಂದ ಹೊಟ್ಟೆ ಬೇಗ ಖಾಲಿಯಾಗಿ ಹಸು ಇನ್ನಷ್ಟು ತಿನ್ನುತ್ತದೆ. ಆಗಷ್ಟೇ ಕರು ಹಾಕಿ, ಕೊಡುವ ಹಾಲಿಗೆ ತಕ್ಕಷ್ಟು ತಿನ್ನಲಾಗದೆ ಸೊರಗುವ ಹಸುಗಳಿಗೆ ಇದು ನಿಜಕ್ಕೂ ಆಸರೆ. ಸಂಜೆ ಸಗಣಿ ಎತ್ತುವಾಗ ಇಡೀ ಕಾಳುಗಳು ಕಾಣುತ್ತವೆಯೇ ಎಂದು ನೋಡುತ್ತೇನೆ. ಕಂಡರೆ ಅದು ತಳಿಯ ದೋಷವಲ್ಲ, ಕತ್ತರಿಸುವ ಯಂತ್ರ ಕಾಳನ್ನು ಒಡೆದಿಲ್ಲ ಎಂದರ್ಥ.

ಹೊಲದಲ್ಲಿ ಮಾತ್ರ ಈ ತಳಿ ನನ್ನನ್ನು ನೆಮ್ಮದಿಯಾಗಿ ಇರಗೊಟ್ಟಿಲ್ಲ. ಇಳುವರಿ ತುಸು ಕಡಿಮೆ, ಗಾಳಿ ಜೋರಾದರೆ ದಂಟು ಬಾಗುತ್ತದೆ, ಅಷ್ಟನ್ನು ಸಹಿಸಿಕೊಳ್ಳಬಹುದು. ನನಗೆ ಸಿಟ್ಟು ಬರುವುದು ಎಲೆ ಅಂಗಮಾರಿಯ, ಅಂದರೆ ಎಲೆಗೆ ಮಚ್ಚೆ ಬಂದು ಒಣಗುವ ಶಿಲೀಂಧ್ರ ರೋಗದ, ವಿಷಯದಲ್ಲಿ. ತಳಿ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ, ಮಾರುವವರು ಆ ಮಾತನ್ನೇ ಎತ್ತುವುದಿಲ್ಲ. ಬೀಜ ಕೊಟ್ಟವರೇ ಆಮೇಲೆ ಬಂದು, ಶಿಲೀಂಧ್ರನಾಶಕ ಹೊಡೆದರೆ ಇಳುವರಿ ಹೆಚ್ಚುತ್ತದೆ ಎನ್ನುತ್ತಾರೆ. ರೋಗವೇ ಇಲ್ಲದ ಹೊಲದಲ್ಲಿ ಆ ಖರ್ಚು ಬಹಳ ಸಲ ಹುಟ್ಟುವುದಿಲ್ಲ. ಪ್ರತಿವರ್ಷ ಇಡೀ ಹೊಲಕ್ಕೆ ಹೊಡೆಸುವ ಶಕ್ತಿ ನನಗಂತೂ ಇಲ್ಲ.

ಹಾಗಾಗಿ ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಬರುವ ಹೊತ್ತಿಗೆ ಹೊಲದೊಳಗೆ ನಡೆದು, ತೆನೆಯ ಕೆಳಗಿನ ಮೂರನೆಯ ಎಲೆಯನ್ನು ನೋಡುತ್ತೇನೆ. ಅರ್ಧದಷ್ಟು ಗಿಡಗಳಲ್ಲಿ ಆ ಎಲೆಗೋ ಅದಕ್ಕಿಂತ ಮೇಲಕ್ಕೋ ಮಚ್ಚೆ ಏರಿದ್ದರೆ ಸಿಂಪಡಣೆ ಮಾಡಿಸುತ್ತೇನೆ. ಸೂಲಂಗಿಯಿಂದ ತೆನೆಯ ಕೂದಲು ಹೊರಬರುವವರೆಗಿನ ಅವಧಿಯೇ ಸರಿಯಾದ ಸಮಯ. ಔಷಧ ಇರುವ ಹಸಿರನ್ನು ಕಾಯುತ್ತದೆ, ಸತ್ತ ಎಲೆಯನ್ನು ಬದುಕಿಸುವುದಿಲ್ಲ. ಔಷಧ ಎಲೆಗೆ ಅಂಟಲೆಂದು ಅಂಟುದ್ರಾವಣ ಬೆರೆಸಿ, ಸೂಲಂಗಿ ಬರುವುದಕ್ಕೆ ಮೊದಲೇ ಹೊಡೆದರೆ ತೆನೆಯ ಬೆಳವಣಿಗೆ ನಿಂತುಹೋಗುವ ಅಪಾಯವೂ ಇದೆ. ತೆನೆ ಕೊಳೆಯುವ ರೋಗದ ಭಯವಿದ್ದರೆ ಸ್ಟ್ರಾಬಿಲ್ಯೂರಿನ್ ಗುಂಪಿನ ಶಿಲೀಂಧ್ರನಾಶಕವೊಂದನ್ನೇ ನಂಬಬೇಡಿ. ಅದರಿಂದ ಡಾನ್ ಎಂಬ ಶಿಲೀಂಧ್ರ ವಿಷ ಹೆಚ್ಚಿದ್ದೂ ಉಂಟು. ಆ ರೋಗಕ್ಕೆಂದು ಲೇಬಲ್‌ನಲ್ಲಿ ಹೆಸರಿಸಿರುವ ಟ್ರೈಯಜೋಲ್ ಗುಂಪಿನ ಶಿಲೀಂಧ್ರನಾಶಕ ಬೇಕು. ಹೊಲದಲ್ಲಿ ಹುಟ್ಟಿದ ಆ ವಿಷ ಗುಂಡಿಯ ಹುಳಿಗೆ ಅಳಿಯುವುದಿಲ್ಲ, ನೇರವಾಗಿ ಹಸುವಿನ ಬಾಯಿಗೇ ಹೋಗುತ್ತದೆ. ಸಿಂಪಡಣೆಗೂ ಕಟಾವಿಗೂ ನಡುವೆ ಇರಬೇಕಾದ ದಿನಗಳನ್ನು ಲೇಬಲ್ ನೋಡಿಯೇ ಪಾಲಿಸುತ್ತೇನೆ.

ಇನ್ನೊಂದು ವಿಷಯವನ್ನು ಯಾರೂ ಹೇಳಿರಲಿಲ್ಲ. ಸಿಂಪಡಿಸಿದ ಗಿಡ ಹೆಚ್ಚು ದಿನ ಹಸಿರಾಗಿರುತ್ತದೆ, ನಿಧಾನವಾಗಿ ಒಣಗುತ್ತದೆ. ಎಲೆಯ ಬಣ್ಣ ನೋಡಿ ಕಟಾವಿನ ದಿನ ಗೊತ್ತುಮಾಡುವಂತಿಲ್ಲ. ಕತ್ತರಿಸಿದ ನೂರು ಗ್ರಾಂ ಮೇವನ್ನು ಮೈಕ್ರೋವೇವ್‌ನಲ್ಲಿ ಸ್ವಲ್ಪಸ್ವಲ್ಪವಾಗಿ ಒಣಗಿಸುತ್ತಾ, ತೂಕ ಇಳಿಯುವುದು ನಿಲ್ಲುವವರೆಗೂ ತೂಗುತ್ತೇನೆ. 32ರಿಂದ 38 ಗ್ರಾಂ ಉಳಿದರೆ ಕಟಾವಿಗೆ ಸರಿ. ಇನ್ನೂ ಹಸಿಯಿದ್ದಾಗ ಕತ್ತರಿಸಿದರೆ ಗುಂಡಿಯಿಂದ ರಸ ಹರಿದು ಸಾರವೆಲ್ಲ ಅದರೊಂದಿಗೆ ಹೋಗುತ್ತದೆ. ತೀರಾ ಒಣಗಿದರೆ ಎಷ್ಟು ತುಳಿಸಿದರೂ ಒಳಗೆ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ದೂರಿದರೂ ಬರುವ ಹಂಗಾಮಿಗೂ ಇದೇ ಬೀಜಕ್ಕೆ ಹೇಳಿದ್ದೇನೆ, ಅರ್ಧ ಹೊಲಕ್ಕೆ ಮಾತ್ರ. ಹಿಂದಿನ ಬಾರಿ ಮೆಕ್ಕೆಜೋಳ ಇಲ್ಲದ ಭಾಗ ಇದಕ್ಕೆ. ರೋಗ ಅಡಗಿರಬಹುದಾದ ಹಳೆಯ ಕೂಳೆ ಉಳಿದಿರುವ ಭಾಗಕ್ಕೆ ಅಂಗಮಾರಿ ತಡೆಯುವ ಸಾಮಾನ್ಯ ತಳಿ. ಎರಡಕ್ಕೂ ಬೇರೆ ಬೇರೆ ಗುಂಡಿ. ಕಂದು ನರದ ಮೇವು ಹೊಸದಾಗಿ ಕರು ಹಾಕಿದವಕ್ಕೆ, ಉಳಿದದ್ದು ಗಬ್ಬದ ಹಸುಗಳಿಗೆ ಮತ್ತು ಕಡಸುಗಳಿಗೆ.