ಟ್ರಿಪಲ್ ರೆಡ್ ಅಂತ ದುಡ್ಡು ಹಾಕುವ ಮೊದಲು ಅಡಿ ರೆಕ್ಕೆ ನೋಡಿ

ಮಂಗಳೂರು, ಉಡುಪಿ ಕಡೆ ಅಪಿಸ್ಟೊ (ಅಕ್ವೇರಿಯಂನ ಸಣ್ಣ ಬಣ್ಣದ ಮೀನು) ಸಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ ಬಂದ ಒಂದು ಫೋಟೋ ನಂಬಿ, ಕಾಕಟೂ ಅನ್ನುವ ಅಪಿಸ್ಟೊ ಜಾತಿಯ ಟ್ರಿಪಲ್ ರೆಡ್ ಗಂಡು-ಹೆಣ್ಣು ಜೋಡಿ ಅಂತ 2,800 ರೂಪಾಯಿ ಕೊಟ್ಟೆ. ಬಂದದ್ದು ಟ್ರಿಪಲ್ ರೆಡ್ಡೂ ಅಲ್ಲ, ಜೋಡಿಯೂ ಅಲ್ಲ.

ಮಾರಿದವರು ಉಡುಪಿ ಕಡೆಯವರು, ಮನೆಯಲ್ಲೇ ಮರಿ ಮಾಡಿಸ್ತೇನೆ ಅಂತ ಹೇಳಿದ್ರು. ವ್ಯವಹಾರ ಎಲ್ಲರೂ ಮಾಡುವ ಹಾಗೆಯೇ. ಮೊದಲೇ ಗೂಗಲ್ ಪೇ, ಮಧ್ಯಾಹ್ನ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಥರ್ಮಾಕೋಲ್ ಪೆಟ್ಟಿಗೆ, ನಾನು ಸುರತ್ಕಲ್‌ನಲ್ಲಿ ಕಾದು ನಿಂತು ಇಳಿಸಿಕೊಂಡೆ.

ಮೀನು ಬಿಳಿಚಿಕೊಂಡಿತ್ತು. ಪ್ರಯಾಣದ ಗಾಬರಿಗೆ ಹಾಗಾಗುವುದು ಗೊತ್ತಿದ್ದದ್ದೇ, ಸುಮ್ಮನಿದ್ದೆ. ಹತ್ತು ದಿನದಲ್ಲಿ ಬಾಲ ಕೆಂಪಾಯಿತು, ಬೆನ್ನಿನ ರೆಕ್ಕೆಯೂ ಕೆಂಪಾಯಿತು. ಖುಷಿಯಲ್ಲಿ ಸ್ನೇಹಿತನನ್ನು ಮನೆಗೆ ಕರೆದು ತೋರಿಸಿದೆ. ಅವನು ಟ್ಯಾಂಕಿನ ಎದುರು ಕೂತು ಸುಮಾರು ಹೊತ್ತು ನೋಡಿದ. ಆಮೇಲೆ ಮೆಲ್ಲ, "ಚಂದ ಉಂಟು ಮಾರಾಯ. ಆದರೆ ಇದು ಡಬಲ್ ರೆಡ್ ಅಲ್ವಾ?" ಅಂದ.

ಗಂಡು ಗಾಜಿನಲ್ಲಿ ತನ್ನದೇ ನೆರಳು ಕಂಡು ರೆಕ್ಕೆಗಳನ್ನೆಲ್ಲ ಬಿಡಿಸಿ ನಿಂತಿತ್ತು. ಬೆನ್ನಿನದ್ದು ಕೆಂಪು. ಬಾಲ ಕೆಂಪು, ಅದರಲ್ಲಿ ಒಂದೇ ಒಂದು ಕಪ್ಪು ಚುಕ್ಕೆ. ಹೊಟ್ಟೆಯ ಹಿಂದಿನ ಅಡಿ ರೆಕ್ಕೆ ಮಾತ್ರ ಮಾಸಲು ಹಳದಿ, ಅಂಚಿನಲ್ಲಿ ತೆಳು ನೀಲಿ. ಕೆಂಪಿನ ಒಂದು ಚುಕ್ಕೆಯೂ ಇಲ್ಲ. ಬೆನ್ನು, ಬಾಲ, ಅಡಿ, ಈ ಮೂರೂ ರೆಕ್ಕೆ ಕೆಂಪಿದ್ದರೆ ತಾನೇ ಟ್ರಿಪಲ್? ಎರಡಕ್ಕೆ ಡಬಲ್. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಗೊತ್ತಿದ್ದೂ ಹತ್ತು ದಿನ ನೋಡಲಿಲ್ಲ, ಬೇರೆಯವರು ಬಂದು ತೋರಿಸಬೇಕಾಯಿತು. ನಾಚಿಕೆಯಲ್ಲಿ ಅವನಿಗೆ ಉತ್ತರ ಕೊಡಲಿಕ್ಕೂ ಆಗಲಿಲ್ಲ.

ಅವನು ಹೋದ ಮೇಲೆ ಮಾರಿದವರು ಕಳಿಸಿದ್ದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಅದರ ಬಾಲದ ಮೇಲಿನ ಅರ್ಧದಲ್ಲಿ ಮೂರು ಕಪ್ಪು ಚುಕ್ಕೆ, ಕೆಳಗೆ ಎರಡು. ನನ್ನ ಮೀನಿಗೆ ಒಂದೇ. ಆ ಚುಕ್ಕೆಗಳು ಒಂದೊಂದು ಮೀನಿಗೆ ಒಂದೊಂದು ರೀತಿ ಇರ್ತವೆ. ಮೀನೇ ಬೇರೆ! ಜೊತೆಗೆ ಕಳಿಸಿದ ವಿಡಿಯೋದಲ್ಲಿ ತಳದ ಬಿಳಿ ಮರಳು ಕೂಡ ಗುಲಾಬಿ ಕಾಣ್ತಿತ್ತು. ಅಂಥ ಲೈಟಿನಲ್ಲಿ ಎಂತದ್ದೂ ಕೆಂಪೇ.

ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜಿಗೆ ಉತ್ತರ ಬಂತು. ಮೊದಲು, "ಇನ್ನೂ ಮರಿ ಸರ್, ಬಣ್ಣ ಬರ್ತದೆ." ಏಳು ಸೆಂಟಿಮೀಟರ್ ಉದ್ದ, ಬೆನ್ನ ಮೇಲೆ ಜುಟ್ಟಿನ ಹಾಗೆ ಮುಳ್ಳು ಎದ್ದು ನಿಂತಿದೆ, ಬಾಲ ಎರಡು ತುದಿಯಾಗಿ ಉದ್ದ ಬಂದಿದೆ. ಅದು ಮರಿಯಾ? ಆಮೇಲೆ, "ನಿಮ್ಮ ನೀರು ಸರಿ ಇಲ್ಲ." ನಮ್ಮದು ಮುರಕಲ್ಲಿನ ಬಾವಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 40, ಪಿಎಚ್ 6.2. ಅಮೆಜಾನ್ ಕಡೆಯ ಈ ಮೀನಿಗೆ ಇದಕ್ಕಿಂತ ಒಳ್ಳೆಯ ನೀರು ಎಲ್ಲಿಂದ ತರುವುದು? ಕೊನೆಗೆ, "ಅದು ರೆಫರೆನ್ಸ್ ಫೋಟೋ ಮಾರಾಯ್ರೆ, ಎಲ್ಲರೂ ಹಾಗೆಯೇ ಹಾಕುವುದು."

ರೆಫರೆನ್ಸ್ ಫೋಟೋ! ದುಡ್ಡು ಹಾಕುವ ಮೊದಲು "ಇದೇ ಮೀನಾ?" ಅಂತ ನಾನು ಕೇಳಿದ್ದೆ. "ಇದೇ ಸರ್, ನೂರಕ್ಕೆ ನೂರು" ಅಂತ ಬರೆದಿದ್ರು. ಆ ಮೆಸೇಜ್ ಈಗಲೂ ನನ್ನ ಫೋನಲ್ಲಿ ಉಂಟು.

ಹೆಣ್ಣಿನ ಕಥೆ ಇನ್ನೂ ಬೇಸರದ್ದು. ಸಣ್ಣದು, ಬೂದು ಬಣ್ಣ, ಹೆಣ್ಣು ಅಂತ ಕೊಟ್ಟಿದ್ರು. ಐದಾರು ವಾರದಲ್ಲಿ ಅದರ ಬೆನ್ನಲ್ಲೂ ಮುಳ್ಳು ಉದ್ದವಾಗತೊಡಗಿತು. ಎಳೆಯ ಗಂಡು, ದೊಡ್ಡ ಗಂಡಿನ ಎದುರು ಹೆಣ್ಣಿನ ಹಾಗೆ ಅಡಗಿಕೊಂಡು ಬದುಕುತ್ತಿತ್ತು. ಬೇರೆ ಟ್ಯಾಂಕಿಗೆ ಹಾಕಬೇಕು ಅಂದುಕೊಂಡ ಮರುದಿನ ಬೆಳಿಗ್ಗೆ ಹೀಟರಿನ ಹಿಂದೆ ಬಾಲ ಹರಿದು ಸತ್ತು ಬಿದ್ದಿತ್ತು. ಅದಕ್ಕೆ ಫೋಟೋ ಕಳಿಸಿದರೆ, "ಬೇಕಾದ್ರೆ ಎಲೆಕ್ಟ್ರಿಕ್ ಬ್ಲೂ ರಾಮ್ ಕೊಡ್ತೇನೆ, ಸ್ವಲ್ಪ ಮೇಲೆ ಹಾಕಿ" ಅಂತ ಉತ್ತರ. ಅದು ಬೇರೆಯೇ ಮೀನು. ಸತ್ತದ್ದಕ್ಕೆ ಒಂದು ಮಾತಿಲ್ಲ.

ಇಷ್ಟು ನೋಡಿಕೊಳ್ಳಿ. ಡಬಲ್, ಟ್ರಿಪಲ್, ಆರೆಂಜ್ ಫ್ಲಾಶ್ ಎಲ್ಲ ಸಾಕುವವರು ಆರಿಸಿ ಆರಿಸಿ ತಂದ ಬಣ್ಣದ ಹೆಸರು. ಜಾತಿ ಒಂದೇ, 1951ರಲ್ಲೇ ಹೆಸರಿಟ್ಟದ್ದು. ಹಾಗಾಗಿ "ಅಪರೂಪದ ಜಾತಿ" ಅಂತ ಹೇಳಿದರೆ ರೇಟು ಏರಿಸಲಿಕ್ಕೆ ಅಂತಲೇ ತಿಳಿಯಿರಿ. ಬಿಳಿ ಲೈಟಿನಲ್ಲಿ, ಆ ದಿನದ ಪೇಪರ್ ಹಿಂದೆ ಹಿಡಿದು, ರೆಕ್ಕೆ ಬಿಡಿಸಿದಾಗ ವಿಡಿಯೋ ಕೇಳಿ. ಬಾಲದ ಚುಕ್ಕೆ ಎಣಿಸಿ ಬರೆದಿಡಿ. ಹೆಣ್ಣಾದರೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಯ ಮುಂದಂಚು ಕಪ್ಪಿರಬೇಕು, ಮೊಟ್ಟೆ ಕಾಯುವಾಗ ಮೈ ಅರಿಶಿನದ ಹಾಗೆ ಹಳದಿಯಾಗಬೇಕು. ಇಂಥ ವಿಡಿಯೋ ಕೊಡಲಿಕ್ಕೆ ಒಪ್ಪದವರಿಗೆ ಒಂದು ರೂಪಾಯಿಯೂ ಹಾಕಬೇಡಿ.

ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಮೂರು ಚುಕ್ಕೆ ಮೇಲೆ, ಎರಡು ಕೆಳಗೆ, ಗುಲಾಬಿ ಮರಳಿನ ವಿಡಿಯೋ. ಇದೇ ನಿಮಗೂ ಬಂದಿದ್ದರೆ ದುಡ್ಡು ಹಾಕುವ ಮೊದಲು ನನಗೊಂದು ಮೆಸೇಜ್ ಹಾಕಿ, ನನ್ನ ಮೀನಿನ ಫೋಟೋ ಪಕ್ಕದಲ್ಲಿಟ್ಟು ತೋರಿಸ್ತೇನೆ.