ಟ್ಯಾಬ್ ಒತ್ತಿದಾಗ ಚುಕ್ಕೆ ಕಡತಗಳು: ಬ್ಯಾಷ್, ಜೆಡ್ ಶೆಲ್, ಫಿಶ್

ಉಡುಪಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ಕೊಂಡು ಉಬುಂಟು ಲಿನಕ್ಸ್ ಹಾಕಿಸಿಕೊಂಡ ಮೇಲೆ, ಮಣಿಪಾಲದ ಕಚೇರಿಯ ಕೆಲಸವನ್ನು ಬ್ಯಾಷ್, ಜೆಡ್ ಶೆಲ್, ಫಿಶ್ ಎಂಬ ಮೂರು ಶೆಲ್‌ಗಳಲ್ಲೂ (ಟರ್ಮಿನಲ್ಲಿನಲ್ಲಿ ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ತಂತ್ರಾಂಶಗಳು) ಮಾಡಿ ನೋಡಿದೆ. ಉಳಿಸಿಕೊಂಡದ್ದು ಬ್ಯಾಷನ್ನೇ, ಆದರೆ ಅದು ಬಂದ ಸ್ಥಿತಿಯಲ್ಲಲ್ಲ.

ಬ್ಯಾಷ್‌ನ ತೊಡಕು ಒಂದೇ: ಟ್ಯಾಬ್ ಒತ್ತಿ ಹೆಸರನ್ನು ಪೂರ್ತಿ ಮಾಡಿಸುವಾಗ ಅದು ಚುಕ್ಕೆ ಕಡತಗಳನ್ನೂ, ಅಂದರೆ ಹೆಸರು ಚುಕ್ಕೆಯಿಂದ ಆರಂಭವಾಗುವ, ಸಾಮಾನ್ಯವಾಗಿ ಮರೆಯಲ್ಲಿರುವ ಕಡತ-ಫೋಲ್ಡರುಗಳನ್ನೂ, ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನನ್ನ ಪ್ರತಿ ಪ್ರಾಜೆಕ್ಟಿನಲ್ಲೂ ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ತನ್ನ ದಾಖಲೆಗಳನ್ನಿಡುವ, ಚುಕ್ಕೆಯಿಂದ ಆರಂಭವಾಗುವ ಫೋಲ್ಡರ್ ಇರುತ್ತದೆ. ಅದರ ಪಕ್ಕದಲ್ಲಿ ‘ಎಸ್‌ಆರ್‌ಸಿ’ ಎಂಬ ಒಂದೇ ಫೋಲ್ಡರ್ ಇದ್ದರೂ, ಫೋಲ್ಡರ್ ಬದಲಿಸುವ ‘ಸಿಡಿ’ ಆಜ್ಞೆ ಬರೆದು ಸ್ಪೇಸ್ ಬಿಟ್ಟು ಟ್ಯಾಬ್ ಒತ್ತಿದರೆ ಹೆಸರು ತುಂಬುವುದಿಲ್ಲ. ಮತ್ತೊಮ್ಮೆ ಒತ್ತಿದರೆ ಎರಡೂ ಹೆಸರುಗಳನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಹೋಮ್ ಡೈರೆಕ್ಟರಿಯಲ್ಲಂತೂ ಹೆಸರುಗಳು 100 ದಾಟಿದರೆ, ಎಲ್ಲವನ್ನೂ ತೋರಿಸಲೇ ಎಂಬ ಪ್ರಶ್ನೆಯೇ ಎದುರಾಗುತ್ತದೆ.

ವಿಚಿತ್ರವೆಂದರೆ, ಅದೇ ಬ್ಯಾಷ್‌ನಲ್ಲಿ ‘ಎಲ್ಲ ಹೆಸರುಗಳೂ’ ಎಂಬರ್ಥದ ನಕ್ಷತ್ರ ಚಿಹ್ನೆ (*) ಬಳಸಿದರೆ ಚುಕ್ಕೆ ಕಡತಗಳು ಸಿಗುವುದಿಲ್ಲ. ನಕ್ಷತ್ರವನ್ನು ಬಿಡಿಸುವುದು ಶೆಲ್, ಟ್ಯಾಬ್ ನೋಡಿಕೊಳ್ಳುವುದು ರೀಡ್‌ಲೈನ್ ಎಂಬ ಲೈಬ್ರರಿ. ಅದರಲ್ಲಿ ‘ಮ್ಯಾಚ್-ಹಿಡನ್-ಫೈಲ್ಸ್’ ಎಂಬ ಆಯ್ಕೆ ಮೊದಲಿನಿಂದಲೂ ‘ಆನ್’ ಆಗಿರುತ್ತದೆ. ಹೋಮ್ ಡೈರೆಕ್ಟರಿಯ ‘.ಇನ್‌ಪುಟ್‌ಆರ್‌ಸಿ’ ಎಂಬ ರೀಡ್‌ಲೈನ್ ಸೆಟ್ಟಿಂಗ್ ಕಡತದಲ್ಲಿ ಅದನ್ನು ‘ಆಫ್’ ಎಂದು ಬರೆದರೆ, ಚುಕ್ಕೆ ಟೈಪ್ ಮಾಡಿದಾಗ ಮಾತ್ರ ಆ ಕಡತಗಳು ಬರುತ್ತವೆ. ಆದರೆ ಈ ಕಡತ ಇದ್ದರೆ ರೀಡ್‌ಲೈನ್ ‘ಇಟಿಸಿ’ ಎಂಬ ಸಿಸ್ಟಂ ಫೋಲ್ಡರಿನಲ್ಲಿರುವ ಸಾರ್ವತ್ರಿಕ ಇನ್‌ಪುಟ್‌ಆರ್‌ಸಿಯನ್ನು ಓದುವುದೇ ಇಲ್ಲ, ಉಬುಂಟು ಅಲ್ಲಿಟ್ಟ ಕೀಲಿ ಹೊಂದಿಕೆಗಳು ಬೇಕೆನ್ನುವವರು ಅದನ್ನು ಸೇರಿಸಿಕೊಳ್ಳುವ ‘ಇನ್‌ಕ್ಲೂಡ್’ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕು. ಬಳಿಕ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಆರ್ ಒತ್ತಿದರೆ ತೆರೆದಿರುವ ಟರ್ಮಿನಲ್ಲಿಗೂ ಬದಲಾವಣೆ ಅನ್ವಯಿಸುತ್ತದೆ.

ಜೆಡ್ ಶೆಲ್‌ಗೆ ಈ ರಗಳೆಯೇ ಇಲ್ಲ. ಒಂದೇ ಟ್ಯಾಬಿಗೆ ‘ಎಸ್‌ಆರ್‌ಸಿ’ ತುಂಬಿಕೊಳ್ಳುತ್ತದೆ. ಚುಕ್ಕೆ ಕಡತಗಳೂ ಬೇಕೆಂದು ‘ಗ್ಲಾಬ್‌ಡಾಟ್ಸ್’ ಎಂಬ ಆಯ್ಕೆ ಹಚ್ಚುವವರು ಮಾತ್ರ ಎಚ್ಚರದಿಂದಿರಬೇಕು: ಆಗ ನಕ್ಷತ್ರವೂ ಅವುಗಳನ್ನು ಹಿಡಿಯುತ್ತದೆ, ಅಳಿಸುವ ಆಜ್ಞೆಯಲ್ಲಿ ಅದು ದುಬಾರಿ.

ಫಿಶ್ ಕೂಡ ಚುಕ್ಕೆ ಕಡತಗಳನ್ನು ಮರೆಯಲ್ಲೇ ಇಡುತ್ತದೆ, ಆದರೆ ಬ್ಯಾಷ್‌ಗೆ ಬರೆದ ಲೂಪುಗಳನ್ನು ಅಂಟಿಸಿದರೆ ಒಪ್ಪುವುದಿಲ್ಲ.

ಮೂರೂ ಉಚಿತವಾದ್ದರಿಂದ ಖರ್ಚಾಗುವುದು ಸಮಯ ಮಾತ್ರ. ನಾನು ಲಾಗಿನ್ ಆಗುವ ಗ್ರಾಹಕರ ಸರ್ವರುಗಳಲ್ಲಿ ಇರುವುದು ಬ್ಯಾಷ್ ಒಂದೇ, ಹೊಸದನ್ನು ಹಾಕಲು ಅನುಮತಿಯೂ ಇಲ್ಲ. ಮನೆಯಲ್ಲೊಂದು, ಕೆಲಸದಲ್ಲೊಂದು ಶೆಲ್ ಇಟ್ಟುಕೊಂಡರೆ ಬೆರಳುಗಳು ತಬ್ಬಿಬ್ಬಾಗುತ್ತವೆ. ಕಡತ ಮುಟ್ಟುವಂತಿಲ್ಲದ ಸರ್ವರಿನಲ್ಲಿ ‘ಬೈಂಡ್’ ಆಜ್ಞೆಗೆ ‘ಮ್ಯಾಚ್-ಹಿಡನ್-ಫೈಲ್ಸ್’ ಆಫ್ ಮಾಡುವ ಅದೇ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಕೊಡುತ್ತೇನೆ. ಲಾಗೌಟ್ ಆಗುವವರೆಗೆ ಅದು ಸಾಕು.