ಕಟಾಡಿನ್ ಪವರ್‌ಸರ್ವೈವರ್ 40ಇ: ಹಳೆಯ ಹಾಯಿದೋಣಿಯಲ್ಲಿ ನಾಲ್ವರಿಗೆ ಕುಡಿಯುವ ನೀರು

ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ಸಾಗರಯಾನಕ್ಕೆ ಅಣಿ ಮಾಡುವ ಕುಟುಂಬ ಹಾಯಿ, ಹಗ್ಗಗಳಿಗಿಂತ ಮೊದಲು ನೀರಿನ ಲೆಕ್ಕ ಹಾಕಬೇಕು. ಪನಾಮಾದಿಂದ ಪೆಸಿಫಿಕ್ ಸಾಗರದ ಮಾರ್ಕೇಸಾಸ್ ದ್ವೀಪಗಳಿಗೆ ಸುಮಾರು 4,000 ನಾಟಿಕಲ್ ಮೈಲಿ. 33 ಅಡಿಯ ದೋಣಿಗೆ 35 ದಿನ ಹಿಡಿದರೆ ಆಶ್ಚರ್ಯವಿಲ್ಲ. ಕುಡಿಯಲು, ಅಡುಗೆಗೆ ತಲೆಗೆ 4 ಲೀಟರಿನಂತೆ ನಾಲ್ವರಿಗೆ ದಿನಕ್ಕೆ 16, ಒಟ್ಟು 560 ಲೀಟರ್. ಅಂಥ ದೋಣಿಗಳ ಟ್ಯಾಂಕ್ ಹೆಚ್ಚಾಗಿ ಇದರ ಅರ್ಧವನ್ನೂ ಹಿಡಿಯುವುದಿಲ್ಲ. ಈ ಕೊರತೆ ತುಂಬಲು, ಸಮುದ್ರದ ನೀರನ್ನು ಸಿಹಿನೀರಾಗಿಸುವ ಕಟಾಡಿನ್ 40ಇ ಒಳ್ಳೆಯ ಯಂತ್ರ. ಆದರೆ ದಿನವೂ ಸ್ನಾನ, ಬಟ್ಟೆ ಒಗೆತ ಎಂದುಕೊಂಡು ಕೊಳ್ಳುವವರಿಗಲ್ಲ.

ಕೆಲಸ ಮನೆಯ ಆರ್‌ಓ ಯಂತ್ರದ್ದೇ. ವ್ಯತ್ಯಾಸ ಒತ್ತಡದಲ್ಲಿ: ಸಮುದ್ರದ ನೀರನ್ನು ಮೆಂಬ್ರೇನ್ (ಉಪ್ಪನ್ನು ತಡೆಯುವ ತೆಳು ಹಾಳೆ) ದಾಟಿಸಲು ಸುಮಾರು 800 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬೇಕು. 40ಇ 12 ವೋಲ್ಟಿನಲ್ಲಿ 4 ಆಂಪ್ ಎಳೆದು ಗಂಟೆಗೆ ಸುಮಾರು 5.7 ಲೀಟರ್ ಸಿಹಿನೀರು ಕೊಡುತ್ತದೆ. ಒಳಗೆ ಹೋದ ನೀರಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಸಿಹಿ, ಉಳಿದದ್ದು ಮರಳಿ ಕಡಲಿಗೆ. 16 ಲೀಟರಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು, ಬ್ಯಾಟರಿಯಿಂದ 11–12 ಆಂಪ್-ಅವರ್ ವಿದ್ಯುತ್ ಸಾಕು. ಉಷ್ಣವಲಯದ ಬಿಸಿಲಿನಲ್ಲಿ 100 ವಾಟಿನ ಒಂದು ಸೋಲಾರ್ ಫಲಕ ಇದನ್ನು ನೀಗಿಸುತ್ತದೆ, ಜನರೇಟರ್ ಬೇಡ. ಇಂಥದೇ ಇನ್ನೊಂದು ಯಂತ್ರ ಸ್ಪೆಕ್ಟ್ರಾ ವೆಂಚುರಾ 150 ಸುಮಾರು 9 ಆಂಪಿನಲ್ಲಿ ಗಂಟೆಗೆ 24 ಲೀಟರ್ ಕೊಡುತ್ತದೆ. ಆಂಪಿಗೆ ಸಿಗುವ ನೀರು ನೋಡಿದರೆ ಅದೇ ಮೇಲು. ಆದರೂ ಪುಟ್ಟ ಮಕ್ಕಳಿರುವ ದೋಣಿಗೆ ನಮ್ಮ ಆಯ್ಕೆ 40ಇ, ಕಾರಣ ಒಂದೇ: ಬ್ಯಾಟರಿ ಸತ್ತರೆ ಪಂಪನ್ನು ಮೋಟಾರಿನಿಂದ ಬಿಡಿಸಿ, ಹಿಡಿಕೆ ಸಿಕ್ಕಿಸಿ ಕೈಯಿಂದಲೇ ನಡೆಸಬಹುದು. ಹಿಡಿಕೆ ಜೋಡಿಸುವುದನ್ನು ಬಂದರಿನಲ್ಲೇ ಒಮ್ಮೆ ಮಾಡಿ ನೋಡಿ.

ದೂರುಗಳಲ್ಲಿ ಹೆಚ್ಚಿನವು ಯಂತ್ರದ್ದಲ್ಲ, ಅಳವಡಿಕೆಯವು. ನೀರು ಕಡಿಮೆ ಬಂದರೆ ಮೊದಲು ಶಂಕಿಸಬೇಕಾದ್ದು ಗಾಳಿ. ಹೀರುವ ಕಡೆಯಲ್ಲಿ ಸೋರಿಕೆಯಿದ್ದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಒಳಗೆ ಮಾತ್ರ ಗಾಳಿ ಸೇರಿ ಒತ್ತಡ ಏರುವುದಿಲ್ಲ. ನೀರನ್ನು ಮೊದಲು ಸೋಸುವ ಪ್ರೀಫಿಲ್ಟರ್ ಡಬ್ಬಿಯ ಓ-ರಿಂಗ್ (ರಬ್ಬರ್ ಉಂಗುರ) ಒರೆಸಿ, ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಪೈಪಿನ ಕ್ಲಾಂಪ್‌ಗಳನ್ನೂ ನೋಡಿ. ಒಳಹರಿವಿನ ಸೀಕಾಕ್ (ಸಮುದ್ರದ ನೀರನ್ನು ಒಳಬಿಡುವ ವಾಲ್ವ್) ದೋಣಿಯ ನಡುಭಾಗದಲ್ಲಿ, ಆದಷ್ಟು ಕೆಳಗಿರಲಿ. ಪಕ್ಕದಲ್ಲಿದ್ದರೆ ದೋಣಿ ವಾಲಿದಾಗ ನೀರಿನ ಮೇಲಕ್ಕೆ ಬರುತ್ತದೆ. ಶೌಚದ ಪೈಪಿನಿಂದ ಕವಲು ತೆಗೆಯಲೇಬೇಡಿ.

ಸಿಹಿನೀರಿನ ಪೈಪಿಗೆ ಮುಚ್ಚುವ ವಾಲ್ವ್ ಹಾಕಬಾರದು. ಯಾರೋ ಮರೆತು ಮುಚ್ಚಿದರೆ ಹಿಮ್ಮುಖ ಒತ್ತಡಕ್ಕೆ ಮೆಂಬ್ರೇನ್ ಹಾಳಾಗುತ್ತದೆ. ಟ್ಯಾಂಕಿನ ಹಳೆಯ ನೀರು ಕೆಡದಿರಲು ಮೊದಲು ಕ್ಯಾನಿಗೆ ಹಿಡಿದು, ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆದು, ರುಚಿ ನೋಡಿ, ಆಮೇಲೆ ಸುರಿಯಿರಿ. ಮಕ್ಕಳಿಗೂ ಒಪ್ಪಿಸಬಹುದಾದ ಕೆಲಸವಿದು. ದೋಣಿಯ ಹಳೆಯ ತಂತಿಗಳ ತಾಮ್ರ ಒಳಗೊಳಗೇ ಕಪ್ಪಾಗಿರುತ್ತದೆ. ಈ ಪಂಪಿಗೆ ಬ್ಯಾಟರಿಯಿಂದ ಹೊಸದಾಗಿ, ತವರದ ಲೇಪವಿರುವ ದಪ್ಪ ತಂತಿಯನ್ನೇ ಎಳೆಯಿರಿ. ಪಂಪಿನ ಬಡಿತ ಪ್ಲೈವುಡ್ ಗೋಡೆಯಲ್ಲಿ ಜೋರಾಗಿ ಮೊಳಗುತ್ತದೆ. ಮಗು ಮಲಗುವ ಬಂಕಿನ ಕೆಳಗೆ ಜಾಗ ಖಾಲಿಯಿದ್ದರೂ ಅಲ್ಲಿ ಕೂರಿಸಬೇಡಿ.

ಮೆಂಬ್ರೇನಿಗೆ ಎರಡು ಶತ್ರುಗಳು: ಎಣ್ಣೆ ಮತ್ತು ಕ್ಲೋರಿನ್. ಡೀಸೆಲ್ ಪೊರೆ ತೇಲುವ ಬಂದರಿನಲ್ಲಿ ಯಂತ್ರ ಮುಟ್ಟಬೇಡಿ. ದಂಡೆಯ ನಲ್ಲಿ ನೀರಿನಿಂದ ತೊಳೆಯುವುದಾದರೆ ಇಂಗಾಲದ ಫಿಲ್ಟರ್ ಮೂಲಕವೇ ಆಗಲಿ. ದಿನವೂ ಓಡುವ ಯಂತ್ರ ಆರೋಗ್ಯವಾಗಿರುತ್ತದೆ. ಬಿಸಿ ಹವೆಯಲ್ಲಿ ಕೆಲವು ದಿನ ಸುಮ್ಮನಿದ್ದರೆ ಒಳಗಿನ ಜೀವಿಗಳು ಕೊಳೆತು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ವಾರದ ಮಟ್ಟಿಗೆ ನಿಲ್ಲಿಸುವುದಿದ್ದರೆ ಒತ್ತಡದ ವಾಲ್ವ್ ತೆರೆದು, ತಯಾರಕರದೇ ಬಯೋಸೈಡ್ (ಜೀವಾಣುನಾಶಕ) ದ್ರಾವಣ ಹರಿಸಿ ಬಿಡಿ. ಮತ್ತೆ ಶುರು ಮಾಡುವಾಗ ಒತ್ತಡ ಏರಿಸದೆ ಸಮುದ್ರದ ನೀರಿನಿಂದ ಚೆನ್ನಾಗಿ ತೊಳೆದು, ಮೊದಲು ಬರುವ ಸಿಹಿನೀರನ್ನೂ ಚೆಲ್ಲಬೇಕು.

ಪಿಸ್ಟನ್ ಸೀಲುಗಳನ್ನು ಸುಮಾರು 1,000 ಗಂಟೆಗೊಮ್ಮೆ ಬದಲಿಸಿ. ದಿನಕ್ಕೆ ಮೂರು ಗಂಟೆಯಾದರೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ. ಹೊರಡುವಾಗ ಸೀಲ್ ಕಿಟ್, ಎರಡು ಪ್ರೀಫಿಲ್ಟರ್, ಬಯೋಸೈಡ್ ಜೊತೆಗಿರಲಿ. ಮತ್ತು ಯಂತ್ರವಿದೆಯೆಂದು ಟ್ಯಾಂಕ್ ಅರ್ಧ ತುಂಬಿಸಿ ಹೊರಡಬೇಡಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಕೊನೆಯ ಸಲ ಬಯೋಸೈಡ್ ಹಾಕಿದ್ದು ಯಾವಾಗ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಹೊಸ ಮೆಂಬ್ರೇನಿನ ಬೆಲೆ ಕಳೆದು ಚೌಕಾಸಿ ಮಾಡಿ. ಸಾಧ್ಯವಾದರೆ ಶುದ್ಧ ಸಮುದ್ರದ ನೀರಿನ ಬಕೆಟ್ ಇಟ್ಟು, ಅದು ಬರಿದಾಗದಂತೆ ತುಂಬಿಸುತ್ತ ಒಂದು ಗಂಟೆ ಓಡಿಸಿ, ಬಂದ ನೀರನ್ನು ಅಳತೆಯ ಜಗ್ಗಿಗೆ ಹಿಡಿದು ನೋಡಿ.